ಹಸಿರು ಪೂರೈಕೆ ಸರಪಳಿ ಮತ್ತು ನಮ್ಮ ಸಣ್ಣ ಉದ್ಯಮಗಳು

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ಪರಿಚಯವನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ನಾನು ಶಿವಮೊಗ್ಗ ಜಿಲ್ಲೆಯವಳು. ಎಂ.ಟೆಕ್. ಮುಗಿಸಿ ಕೆಲಸಕ್ಕಾಗಿ ಪುಣೆಗೆ ಬಂದವಳು. ದೊಡ್ಡ ಕಾರ್ಖಾನೆಗಳಿಗೆ ಯಾವ ಸಾಮಾನು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ, ಗೋದಾಮಿನಲ್ಲಿ ಎಷ್ಟಿದೆ ಎಂಬ ಲೆಕ್ಕ ಇಡುವ ತಂತ್ರಾಂಶ ತಯಾರಿಸುವುದು ನಮ್ಮ ತಂಡದ ಕೆಲಸ. ಮೊದಲೆಲ್ಲ ಆ ತಂತ್ರಾಂಶದಲ್ಲಿ ಮುಖ್ಯವಾಗಿ ಮೂರು ಕಾಲಂಗಳಿದ್ದವು: ಬೆಲೆ, ಗುಣಮಟ್ಟ, ದಿನಾಂಕ. ಈಚಿನ ವರ್ಷಗಳಲ್ಲಿ ನಾಲ್ಕನೆಯದೊಂದು ಸೇರಿದೆ. ಈ ಸಾಮಾನು ತಯಾರಾಗುವಾಗ ಎಷ್ಟು ಇಂಗಾಲ ಗಾಳಿಗೆ ಹೋಯಿತು, ಎಷ್ಟು ಕಸ ಉಳಿಯಿತು?

ಆ ಕಾಲಂ ತಯಾರಿಸುವವರು ನಾವು, ಎ.ಸಿ. ಕೋಣೆಯಲ್ಲಿ ಕುಳಿತವರು. ಆದರೆ ಅದನ್ನು ತುಂಬಬೇಕಾದವರು ಭೋಸರಿಯ ಶೆಡ್ಡಿನಲ್ಲಿ ನಟ್ಟು ಬೋಲ್ಟು ಮಾಡುವವರು, ಮನೆಯಲ್ಲಿ ಚಕ್ಕುಲಿ ಕರಿಯುವವರು, ಊರಲ್ಲಿ ಹಾಳೆ ತಟ್ಟೆ ಒತ್ತುವವರು. ಅಂದರೆ ನಮ್ಮ ನಿಮ್ಮಂಥ ಮನೆಗಳವರು. ನಮ್ಮ ವೇದಿಕೆಯಲ್ಲೇ ಕ್ಯಾಟರಿಂಗ್ ಮಾಡುವವರಿದ್ದೀರಿ, ಕುರುಕಲು ತಿಂಡಿ ಮಾಡಿ ಆಫೀಸುಗಳಿಗೆ ಕೊಡುವವರಿದ್ದೀರಿ, ಬ್ಯಾಗು ಹೊಲಿಯುವವರಿದ್ದೀರಿ, ಯಜಮಾನರ ಜೊತೆ ಸಣ್ಣ ವರ್ಕ್‌ಶಾಪಿನ ಲೆಕ್ಕ ನೋಡಿಕೊಳ್ಳುವವರಿದ್ದೀರಿ. ಆದ್ದರಿಂದ ಇವತ್ತು "ಪರಿಸರ ಉಳಿಸೋಣ" ಎಂಬ ಭಾಷಣ ಮಾಡಲು ನಾನು ಬಂದಿಲ್ಲ. ಹಸಿರು ಎಂಬ ಈ ಹೊಸ ಬೇಡಿಕೆ ನಮ್ಮ ಸಣ್ಣ ವ್ಯಾಪಾರಕ್ಕೆ ಏನು ತರುತ್ತದೆ, ಏನು ಕಸಿಯಬಹುದು, ಅದರ ಖರ್ಚು ಯಾರು ಹೊರಬೇಕು ಎಂಬುದನ್ನು ಲೆಕ್ಕದ ಸಮೇತ ಮಾತಾಡೋಣ ಎಂದು ಬಂದಿದ್ದೇನೆ.

ಸರಪಳಿ ಅಂದರೆ ಏನು?

ಒಂದು ಪ್ಯಾಕೆಟ್ ಚಕ್ಕುಲಿ ತೆಗೆದುಕೊಳ್ಳಿ. ಅಕ್ಕಿ ಹಿಟ್ಟು ಗಿರಣಿಯಿಂದ ಬಂತು, ಅಕ್ಕಿ ಗದ್ದೆಯಿಂದ ಬಂತು. ಎಣ್ಣೆ ಬಂತು, ಗ್ಯಾಸ್ ಸಿಲಿಂಡರ್ ಬಂತು, ಪ್ಯಾಕೆಟ್ಟಿನ ಕವರ್ ಬಂತು. ಕರಿದದ್ದು ಟೆಂಪೋದಲ್ಲಿ ಅಂಗಡಿಗೆ ಹೋಯಿತು, ಅಂಗಡಿಯಿಂದ ಯಾರದೋ ಮನೆಗೆ ಹೋಯಿತು, ಖಾಲಿ ಕವರ್ ಕಸದ ಬುಟ್ಟಿಗೆ ಹೋಯಿತು. ಉಳಿದ ಕರಿದ ಎಣ್ಣೆ ಇನ್ನೆಲ್ಲಿಗೋ ಹೋಯಿತು. ಇದಿಷ್ಟೂ ಸೇರಿ ಪೂರೈಕೆ ಸರಪಳಿ. ಈ ಪ್ರತಿ ಕೊಂಡಿಯಲ್ಲೂ ಇಂಧನ, ನೀರು, ಕಸ ಎಷ್ಟಾಯಿತು ಎಂದು ನೋಡಿ, ಕಡಿಮೆ ಮಾಡುವ ಪ್ರಯತ್ನಕ್ಕೆ ಹಸಿರು ಪೂರೈಕೆ ಸರಪಳಿ ಎಂದು ಹೆಸರು.

ಇದರಲ್ಲಿ ಹೊಸದೇನಿದೆ ಎಂದು ಹಿರಿಯರು ಕೇಳಬಹುದು. ಎಣ್ಣೆಗೆ ಮನೆಯಿಂದಲೇ ಡಬ್ಬಿ ಒಯ್ಯುತ್ತಿದ್ದೆವು, ಮುತ್ತುಗದ ಎಲೆಯ ಪತ್ರಾವಳಿಯಲ್ಲಿ ಊಟ ಮಾಡುತ್ತಿದ್ದೆವು, ಎಂಜಲೆಲೆ ಹಸುವಿನ ಬಾಯಿಗೋ ಗೊಬ್ಬರದ ಗುಂಡಿಗೋ ಹೋಗುತ್ತಿತ್ತು. ನಿಜ. ಆದರೆ ಆಗ ಯಾರೂ ಲೆಕ್ಕ ಕೇಳುತ್ತಿರಲಿಲ್ಲ, ಈಗ ಕೇಳುತ್ತಿದ್ದಾರೆ. ಕೇಳುತ್ತಿರುವವರು ಯಾರು ಎಂದು ತಿಳಿದುಕೊಂಡರೆ ಭಯ ಕಡಿಮೆಯಾಗುತ್ತದೆ.

ಮೊದಲನೆಯವರು ನಮ್ಮ ದೇಶದ ಷೇರುಪೇಟೆಯ ನಿಯಂತ್ರಕರಾದ ಸೆಬಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು 2022-23ರ ಆರ್ಥಿಕ ವರ್ಷದಿಂದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕು. ಆ ಕಂಪನಿಗಳು ತಮ್ಮ ಕಾರ್ಖಾನೆಯೊಳಗಿನ ಹೊಗೆಯ ಲೆಕ್ಕ ಇಟ್ಟರೆ ಸಾಲದು, ತಮಗೆ ಸಾಮಾನು ಕೊಡುವವರ ಕಡೆಗೂ ನೋಡಬೇಕು ಎಂಬ ಒತ್ತಡ ಇದೆ. ಲೆಕ್ಕದಲ್ಲಿ ಮೂರು ವಿಭಾಗಗಳು. ನಾವೇ ಉರಿಸಿದ ಇಂಧನ ಸ್ಕೋಪ್ ಒಂದು. ಕೊಂಡ ವಿದ್ಯುತ್ತು ಸ್ಕೋಪ್ ಎರಡು. ನಮಗೆ ಸಾಮಾನು ಕೊಡುವವರು, ಸಾಗಿಸುವವರು, ಬಳಸಿ ಎಸೆಯುವವರು ಎಲ್ಲ ಸೇರಿ ಸ್ಕೋಪ್ ಮೂರು. ದೊಡ್ಡ ಕಂಪನಿಯ ಸ್ಕೋಪ್ ಮೂರರಲ್ಲಿ ಕೂತಿರುವವರೇ ನಾವು. ಅವರ ಕ್ಯಾಂಟೀನಿಗೆ ತಿಂಡಿ ಕೊಡುವವರೂ ಅದರಲ್ಲೇ.

ಎರಡನೆಯವರು ಯುರೋಪಿನವರು. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ ಮುಂತಾದವು ಯುರೋಪ್ ಒಕ್ಕೂಟದೊಳಗೆ ಹೋಗುವಾಗ ಅವುಗಳ ಇಂಗಾಲದ ಲೆಕ್ಕ ಕೊಡಬೇಕೆಂಬ ನಿಯಮ 2023ರ ಅಕ್ಟೋಬರ್ 1ರಿಂದ ಶುರುವಾಯಿತು. 2026ರ ಜನವರಿ 1ರಿಂದ ಅದು ಹಣದ ಲೆಕ್ಕದ ಹಂತಕ್ಕೆ ಬರುತ್ತದೆ. ಉಕ್ಕಿನ ಸ್ಕ್ರೂ, ಬೋಲ್ಟು, ನಟ್ಟುಗಳೂ ಆ ಪಟ್ಟಿಯಲ್ಲಿವೆ. ಪಿಂಪ್ರಿ-ಚಿಂಚವಾಡ, ಚಾಕಣ್ ಕಡೆಯ ಸಣ್ಣ ಘಟಕದವರಿಗೆ ಇದು ದೂರದ ಸುದ್ದಿಯಲ್ಲ. ನಮ್ಮ ಹತ್ತಿರ ಲೆಕ್ಕ ಇಲ್ಲದಿದ್ದರೆ ಅಲ್ಲಿಯವರು ತಮ್ಮದೇ ನಿಗದಿತ ಅಂಕಿಯನ್ನು ಹಾಕಿಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ನಮಗೆ ಲಾಭದ ಅಂಕಿ ಆಗಿರುವುದಿಲ್ಲ. ಲೆಕ್ಕ ಇಟ್ಟವರಿಗೆ ವಾದ ಮಾಡಲು ದಾರಿ ಇರುತ್ತದೆ, ಇಡದವರಿಗೆ ಇರುವುದಿಲ್ಲ.

ಒಂದು ನೋಟ್‌ಬುಕ್ ಸಾಕು

ಇಂಗಾಲದ ಲೆಕ್ಕ ಅಂದ ಕೂಡಲೇ ಕನ್ಸಲ್ಟೆಂಟ್ ಬೇಕು, ಲಕ್ಷಗಟ್ಟಲೆ ಫೀಸು ಕೊಡಬೇಕು ಎಂದು ಹೆದರಿಸುವವರಿದ್ದಾರೆ. ಸಣ್ಣ ಉದ್ಯಮದ ಮೊದಲ ಲೆಕ್ಕಕ್ಕೆ ಹಾಲಿನ ಲೆಕ್ಕ ಬರೆಯುವಂಥ ಒಂದು ನೋಟ್‌ಬುಕ್ ಸಾಕು. ನಾಲ್ಕು ಅಂಕಿ ಬರೆದುಕೊಳ್ಳಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಂದು ಕೆ.ಜಿ. ಅಡುಗೆ ಅನಿಲಕ್ಕೆ ಸುಮಾರು 3 ಕೆ.ಜಿ. ಹಾಗಾಗಿ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿಗೆ ಸುಮಾರು 57 ಕೆ.ಜಿ. ನಮ್ಮ ದೇಶದ ಗ್ರಿಡ್ಡಿನ ವಿದ್ಯುತ್ತಿಗೆ, ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ.

ಈಗ ಲೆಕ್ಕಕ್ಕೆಂದು ಒಂದು ತಿಂಡಿ ಘಟಕ ಇಟ್ಟುಕೊಳ್ಳೋಣ. ತಿಂಗಳಿಗೆ ನಾಲ್ಕು ವಾಣಿಜ್ಯ ಸಿಲಿಂಡರ್, ಅಂದರೆ 228 ಕೆ.ಜಿ. ಮುನ್ನೂರು ಯೂನಿಟ್ ಕರೆಂಟು, ಅಂದರೆ 210 ಕೆ.ಜಿ. ಟೆಂಪೋಗೆ ನಲವತ್ತು ಲೀಟರ್ ಡೀಸೆಲ್, ಅಂದರೆ 108 ಕೆ.ಜಿ. ಒಟ್ಟು 546 ಕೆ.ಜಿ. ಆ ತಿಂಗಳು 600 ಕೆ.ಜಿ. ತಿಂಡಿ ತಯಾರಾಗಿದ್ದರೆ, ಒಂದು ಕೆ.ಜಿ. ತಿಂಡಿಗೆ ಸುಮಾರು 0.9 ಕೆ.ಜಿ. ಆಯಿತಲ್ಲ, ಇದೇ ಆ ನಾಲ್ಕನೇ ಕಾಲಮ್ಮಿನ ಶುರು. ಹಿಟ್ಟು, ಎಣ್ಣೆಗಳ ಹಿಂದಿನ ಲೆಕ್ಕ ಇದಕ್ಕೆ ಆಮೇಲೆ ಸೇರುತ್ತದೆ. ಅದು ಎರಡನೇ ವರ್ಷದ ಮಾತು.

ಈ ನೋಟ್‌ಬುಕ್ಕಿನ ನಿಜವಾದ ಉಪಯೋಗ ಕಂಪನಿಗೆ ತೋರಿಸುವುದಲ್ಲ. ಮೂರು ತಿಂಗಳು ಬರೆದರೆ ದುಡ್ಡು ಎಲ್ಲಿ ಸೋರುತ್ತಿದೆ ಎಂದು ನಿಮಗೇ ಕಾಣುತ್ತದೆ. ಬರ್ನರ್ ಹಳದಿ ಉರಿಯುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಪಾತ್ರೆಯ ತಳ ಕಪ್ಪಾಗುತ್ತದೆ. ಶುಚಿ ಮಾಡಿಸಿದರೆ ಸಿಲಿಂಡರ್ ಎರಡು ದಿನ ಹೆಚ್ಚು ಬಂದೀತು. ಟೆಂಪೋ ಅರ್ಧ ಖಾಲಿ ಹೋಗುತ್ತಿದ್ದರೆ ವಾರಕ್ಕೆ ನಾಲ್ಕು ಸಲದ ಬದಲು ಎರಡು ಸಲ ಕಳಿಸಬಹುದು. ಇಂಗಾಲ ಕಡಿಮೆಯಾದ ಕಡೆ ಬಹಳಷ್ಟು ಸಲ ಖರ್ಚೂ ಕಡಿಮೆಯಾಗಿರುತ್ತದೆ. ಸಣ್ಣ ಉದ್ಯಮ ಹಸಿರಾಗುವುದು ಈ ತುದಿಯಿಂದ ಶುರುವಾಗಬೇಕು.

ಕರಿದ ಎಣ್ಣೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಒಡೆದುಹೋದ ಅಂಶಗಳು ಹೆಚ್ಚುತ್ತವೆ. ಅವು ಶೇ. 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಇದೆ. ಅದೇ ವರ್ಷ ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಏರ್ಪಾಡನ್ನೂ ಪ್ರಾಧಿಕಾರ ಶುರುಮಾಡಿತು. ಒಬ್ಬೊಬ್ಬರ ಹತ್ತಿರ ಐದೈದು ಲೀಟರ್ ಇದ್ದರೆ ಯಾರೂ ಬಂದು ಒಯ್ಯುವುದಿಲ್ಲ. ಹತ್ತು ಜನ ಒಂದು ಕಡೆ ಕೂಡಿಟ್ಟರೆ ಸಂಗ್ರಹಿಸುವವರು ಗಾಡಿ ತರುತ್ತಾರೆ, ದುಡ್ಡೂ ಕೊಡುತ್ತಾರೆ. ಸಿಂಕಿಗೆ ಸುರಿದು ಪೈಪು ಕಟ್ಟಿಸಿಕೊಳ್ಳುವುದಕ್ಕಿಂತ, ರಸ್ತೆ ಬದಿಯ ಗಾಡಿಯವರಿಗೆ ಮಾರುವುದಕ್ಕಿಂತ ಇದು ಮರ್ಯಾದೆಯ ದಾರಿ.

ಹಾಳೆ ತಟ್ಟೆಯ ಕಥೆ

ಈಗ ನಾನು ಹತ್ತಿರದಿಂದ ಬಲ್ಲ ಒಂದು ಉದಾಹರಣೆಗೆ ಬರುತ್ತೇನೆ. ನನ್ನ ದೊಡ್ಡಮ್ಮನ ಮಗಳು, ಅಕ್ಕ, ಸಾಗರದ ಹತ್ತಿರ ಹಳ್ಳಿಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ನಡೆಸುತ್ತಾಳೆ. ನಾಲ್ಕು ಪ್ರೆಸ್ ಯಂತ್ರ, ಕೆಲಸಕ್ಕೆ ಆರು ಜನ ಹೆಂಗಸರು. ಪರಿಸರಸ್ನೇಹಿ ಉದ್ಯಮ ಎಂದು ಪುಸ್ತಕದಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಿಕ್ಕಿಲ್ಲ. ಮರ ಕಡಿಯುವುದಿಲ್ಲ. ತಾನಾಗಿ ಉದುರಿದ ಸೋಗೆಯ ಬುಡದ ಹಾಳೆಯನ್ನು ಹೆಕ್ಕಿ ತರುತ್ತಾರೆ. ಬಿಸಿಲಿಗೆ ಒಣಗಿಸಿ, ಬೇಕಾದಾಗ ನೀರಲ್ಲಿ ನೆನೆಸಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಅಂಟಿಲ್ಲ, ಬಣ್ಣವಿಲ್ಲ, ಪ್ಲಾಸ್ಟಿಕ್ ಪದರವಿಲ್ಲ. ಕತ್ತರಿಸಿ ಉಳಿದ ಚೂರು ತೋಟಕ್ಕೆ ಗೊಬ್ಬರ. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳು ನಿಷೇಧವಾದಾಗ ಇಂಥ ಘಟಕಗಳಿಗೆ ಬೇಡಿಕೆ ಬಂತು. ಮಹಾರಾಷ್ಟ್ರದಲ್ಲಂತೂ 2018ರಲ್ಲೇ ನಿಷೇಧ ಬಂದಿತ್ತು. ಕರ್ನಾಟಕದಲ್ಲಿ 2016ರಲ್ಲಿ.

ಆದರೆ ಈ ಹಸಿರು ವ್ಯಾಪಾರದ ಒಳಗುಟ್ಟು ಹಾಳೆಯಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಹಾಳೆ ವರ್ಷವಿಡೀ ಉದುರುತ್ತದೆ. ಮಳೆಗಾಲದಲ್ಲಿ ಬಿದ್ದದ್ದು ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ, ತಟ್ಟೆಗೆ ಬಾರದು. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ. ಆದ್ದರಿಂದ ಇಡೀ ವರ್ಷಕ್ಕೆ ಬೇಕಾದ ಹಾಳೆಯನ್ನು ಬೇಸಿಗೆ ಮುಗಿಯುವುದರೊಳಗೆ ತೋಟದವರಿಂದ ಕೊಂಡು, ಒಣಗಿಸಿ, ಅಟ್ಟಿ ಹಾಕಿ ಇಟ್ಟುಕೊಳ್ಳಬೇಕು. ತೋಟದವರಿಗೆ ನಗದು ಕೊಡಬೇಕು. ಅಂದರೆ ಫೆಬ್ರವರಿಯಿಂದ ಮೇ ತನಕ ಅಕ್ಕನ ಕೈಯಲ್ಲಿ ಹಣ ಇರಬೇಕು. ಆಗ ಹಣ ಇಲ್ಲದಿದ್ದರೆ ಜುಲೈ, ಆಗಸ್ಟಿನಲ್ಲಿ ಹಾಳೆ ಇಲ್ಲ. ಹಾಳೆ ಇಲ್ಲದಿದ್ದರೆ ಆ ಆರು ಜನಕ್ಕೆ ಮಳೆಗಾಲದ ಕೂಲಿ ಇಲ್ಲ.

ಒಂದು ವರ್ಷ ಹೀಗೇ ಆಗುವುದರಲ್ಲಿತ್ತು. ನಗರದ ಒಂದು ಕಾರ್ಯಕ್ರಮ ಆಯೋಜಿಸುವ ಕಂಪನಿ, ಹೆಸರು ಬೇಡ, ಜನವರಿಯಲ್ಲಿ ದೊಡ್ಡ ಆರ್ಡರ್ ಕೊಟ್ಟಿತು. "ಪ್ಲಾಸ್ಟಿಕ್ ಮುಕ್ತ ಸಮಾರಂಭ" ಎಂದು ಫೋಟೋ ಹಾಕಿಕೊಂಡಿತು. ಫೋಟೋದಲ್ಲಿ ಅಕ್ಕನ ತಟ್ಟೆಗಳು ಸಾಲಾಗಿ ಇದ್ದವು. ಹಣ ಮಾತ್ರ ಫೆಬ್ರವರಿಯಲ್ಲಿ ಬರಲಿಲ್ಲ, ಮಾರ್ಚಿನಲ್ಲಿ ಬರಲಿಲ್ಲ. ಫೋನು ಮಾಡಿದರೆ ಅಕೌಂಟ್ಸಿನವರು ರಜೆ, ಸಾಹೇಬರ ಸಹಿ ಆಗಬೇಕು, ಮುಂದಿನ ವಾರ. ಏಪ್ರಿಲ್ ಬಂತು. ಅದೇ ಹೊತ್ತಿಗೆ ಬೇರೊಂದು ಗಿರಾಕಿಗೆ ಇಂಗಾಲದ ಲೆಕ್ಕ ಬೇಕು ಎಂದು ನಾನು ಅಕ್ಕನಿಗೆ ಒಂದು ಎಕ್ಸೆಲ್ ಹಾಳೆ ಕಳಿಸಿದ್ದೆ. ಅವಳು ಫೋನಿನಲ್ಲಿ ಅಂದಳು: "ನೀನು ಕಂಪ್ಯೂಟರಲ್ಲಿ ಕಾಲಂ ಮಾಡ್ತೀಯ, ತುಂಬೋಳು ನಾನು. ಅದಕ್ಕೆ ದುಡ್ಡು ಕೊಡೋರು ಯಾರು? ಹಸಿರು ಅವರ ಫೋಟೋದಲ್ಲಿ, ಸಾಲ ನನ್ನ ಪಾಸ್‌ಬುಕ್ಕಲ್ಲಿ."

ಆ ಮಾತನ್ನು ನಾನು ಆಫೀಸಿನ ಮೀಟಿಂಗುಗಳಲ್ಲೂ ಹೇಳಿದ್ದೇನೆ. ಹಸಿರು ಸರಪಳಿ ಎಂದರೆ ಸಾಮಾನಿನ ಗುಣ ಮಾತ್ರ ಅಲ್ಲ, ಹಣ ಹರಿಯುವ ರೀತಿಯೂ ಹೌದು. ಹೊತ್ತಿಗೆ ಹಣ ಬಾರದ ಹಸಿರು ಉದ್ಯಮ ಮುಚ್ಚಿಹೋಗುತ್ತದೆ. ಅದು ಮುಚ್ಚಿದ ಜಾಗಕ್ಕೆ ಅಗ್ಗದ ಪ್ಲಾಸ್ಟಿಕ್ ವಾಪಸು ಬರುತ್ತದೆ.

ಅಕ್ಕನ ಹಣ ಹೇಗೆ ಬಂತು ಎಂದು ಹೇಳುತ್ತೇನೆ, ಇದು ನಿಮಗೆಲ್ಲ ಉಪಯೋಗಕ್ಕೆ ಬರುವ ಮಾತು. 2006ರ ಎಂ.ಎಸ್.ಎಂ.ಇ. ಕಾಯ್ದೆಯ ಪ್ರಕಾರ, ನೋಂದಣಿಯಾದ ಅತಿ ಸಣ್ಣ ಅಥವಾ ಸಣ್ಣ ಉದ್ಯಮದಿಂದ ಸಾಮಾನು ಅಥವಾ ಸೇವೆ ಪಡೆದವರು, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಇದರ ಮೇಲೆ 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಕಲಂ ಸೇರಿತು. ಹೀಗೆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ನಿಜವಾಗಿ ಹಣ ಕೊಡುವ ತನಕ, ಖರೀದಿ ಮಾಡಿದವರು ತಮ್ಮ ಖರ್ಚೆಂದು ತೋರಿಸುವ ಹಾಗಿಲ್ಲ. ತೆರಿಗೆಯ ಮಾತು ಬಂದರೆ ಅಕೌಂಟ್ಸಿನವರ ರಜೆ ಬೇಗ ಮುಗಿಯುತ್ತದೆ.

ನಾವು ಮಾಡಿದ್ದು ಇಷ್ಟೇ. ಅಕ್ಕನ ಉದ್ಯಮ್ ನೋಂದಣಿ ಸಂಖ್ಯೆ ಹಾಕಿ, ಬಿಲ್ಲಿನ ದಿನಾಂಕ, ಬಡ್ಡಿಯ ಲೆಕ್ಕ, ಕಾನೂನಿನ ಈ ಎರಡು ಮಾತು ಬರೆದು ಒಂದು ಪತ್ರ ಕಳಿಸಿದೆವು. ಮುಂದಿನ ಹೆಜ್ಜೆ ಸಮಾಧಾನ್ ಪೋರ್ಟಲಿನಲ್ಲಿ ದೂರು ಎಂದೂ ಬರೆದಿದ್ದೆವು. ಜಗಳ ಮಾಡಲಿಲ್ಲ, ಬೈಯಲಿಲ್ಲ. ಹನ್ನೊಂದನೇ ದಿನ ಅಸಲು ಜಮಾ ಆಯಿತು. ಬಡ್ಡಿ ಬರಲಿಲ್ಲ, ಅಕ್ಕ ಕೇಳಲೂ ಇಲ್ಲ. ಮೇ ತಿಂಗಳ ಹಾಳೆ ಸಿಕ್ಕಿತು, ಅಷ್ಟು ಸಾಕು ಅಂದಳು.

ಆದ್ದರಿಂದ ನಿಮ್ಮಲ್ಲಿ ಯಾರು ಮನೆಯಿಂದ ತಯಾರಿಸಿ ಮಾರುತ್ತೀರೋ ಅವರು ಉದ್ಯಮ್ ನೋಂದಣಿ ಮಾಡಿಕೊಳ್ಳಿ. ಆನ್‌ಲೈನಿನಲ್ಲಿ, ಸರ್ಕಾರಿ ತಾಣದಲ್ಲಿ, ಅದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳುವ ಖಾಸಗಿ ತಾಣಗಳಿಗೆ ಹೋಗಬೇಡಿ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ತಲೆಯ ಮೇಲೆ ಅಚ್ಚು ಮಾಡಿಸಿ. ಒಂದು ಎಚ್ಚರಿಕೆ: ಬೇರೆಯವರ ಸಾಮಾನು ಕೊಂಡು ಹಾಗೆಯೇ ಮಾರುವ ವ್ಯಾಪಾರಿಗಳಿಗೆ ಈ 45 ದಿನದ ರಕ್ಷಣೆ ಸಿಗುವುದಿಲ್ಲ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಸಿಗುತ್ತದೆ.

ಹಸಿರು ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ

ಹಾಳೆ ತಟ್ಟೆಯ ಬಗ್ಗೆಯೇ ಇನ್ನೊಂದು ಕಹಿ ಸುದ್ದಿ ನೀವು ಓದಿರಬಹುದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ಆಹಾರಕ್ಕೆ ಬಳಸಲು ಅಲ್ಲಿ ಅನುಮತಿ ಇಲ್ಲ ಎಂದು ಹೇಳಿ ಆಮದಿಗೆ ತಡೆ ಹಾಕಿತು. ಅಡಿಕೆ ಮರದಲ್ಲಿ ಸಹಜವಾಗಿ ಇರುವ ಅರೆಕೊಲಿನ್‌ನಂಥ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು, ಸುರಕ್ಷಿತ ಎಂದು ತೋರಿಸುವ ಸಾಕಷ್ಟು ಆಧಾರ ಇಲ್ಲ ಎಂಬುದು ಅವರ ವಾದ. ಅಮೆರಿಕವನ್ನೇ ನಂಬಿಕೊಂಡಿದ್ದ ರಫ್ತುದಾರರಿಗೆ, ಅವರಿಗೆ ತಟ್ಟೆ ಒತ್ತಿ ಕೊಡುತ್ತಿದ್ದ ಹಳ್ಳಿಯ ಘಟಕಗಳಿಗೆ ಇದು ಒಂದೇ ಏಟಿಗೆ ಬಿದ್ದ ಪೆಟ್ಟು.

ಇದನ್ನು ಕೇಳಿ ಕೆಲವರು "ನಾವು ತಲೆತಲಾಂತರದಿಂದ ಹಾಳೆಯಲ್ಲಿ ಉಂಡಿದ್ದೇವೆ" ಎನ್ನುತ್ತಾರೆ. ನನಗೂ ಹಾಳೆಯ ಮೇಲೆ ಪ್ರೀತಿ ಇದೆ. ನಮ್ಮ ಕಡೆ ಹಾಳೆಯ ಟೊಪ್ಪಿ ಹಾಕಿಕೊಂಡೇ ಗದ್ದೆ ಕೆಲಸ ಮಾಡಿದವರು. ಆದರೆ ಮಾರುಕಟ್ಟೆಯಲ್ಲಿ ಪ್ರೀತಿಗೆ ರಸೀದಿ ಕೊಡುವುದಿಲ್ಲ, ಪ್ರಯೋಗಾಲಯದ ವರದಿಗೆ ಕೊಡುತ್ತಾರೆ. ಮಣ್ಣಲ್ಲಿ ಕರಗುತ್ತದೆ ಎಂಬುದು ಒಂದು ಪ್ರಶ್ನೆಗೆ ಉತ್ತರ. ಬಿಸಿ ಸಾರು ಹಾಕಿದಾಗ ಅದರಿಂದ ಏನು ಇಳಿಯುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಎರಡಕ್ಕೂ ಉತ್ತರ ಇರಬೇಕು. ಆ ಪರೀಕ್ಷೆಯ ಖರ್ಚು ನಾಲ್ಕು ಯಂತ್ರದ ಘಟಕದಿಂದ ಆಗುವಂಥದ್ದಲ್ಲ. ಸಹಕಾರ ಸಂಘಗಳು, ಸರ್ಕಾರ, ವಿಶ್ವವಿದ್ಯಾಲಯಗಳು ಅದನ್ನು ಹೊರಬೇಕು. ಸಣ್ಣವರು ಮಾಡಬಹುದಾದದ್ದು ಎರಡು: ಒಂದೇ ದೇಶ, ಒಂದೇ ಗಿರಾಕಿ, ಒಂದೇ ಸಾಮಾನು ಎಂದು ನಂಬಿಕೊಂಡು ಕೂರದಿರುವುದು, ಹಾಳೆ ಯಾವ ತೋಟದ್ದು, ಯಾವಾಗ ಒಣಗಿಸಿದ್ದು, ಯಾವ ದಿನ ಒತ್ತಿದ್ದು ಎಂದು ಪ್ರತಿ ಕಂತಿಗೂ ಬರೆದಿಡುವುದು. ಅಕ್ಕ ಈಗ ಹಾಳೆಯಲ್ಲೇ ಗಿಡ ನೆಡುವ ಬಟ್ಟಲುಗಳನ್ನೂ ಮಾಡಿ ನರ್ಸರಿಗಳಿಗೆ ಕೊಡುತ್ತಿದ್ದಾಳೆ. ತಟ್ಟೆಗೆ ಬಾರದ ಸಣ್ಣ ಹಾಳೆ ಅದಕ್ಕೆ ಆಗುತ್ತದೆ.

ಇದೇ ಎಚ್ಚರಿಕೆ ಬೇರೆ "ಪರಿಸರಸ್ನೇಹಿ" ಸಾಮಾನುಗಳಿಗೂ ಬೇಕು. ಪೇಪರ್ ಕಪ್ ಕಾಗದದ್ದೆಂದು ಸಮಾಧಾನ ಪಡುತ್ತೇವೆ, ಚಹಾ ಸೋರದಿರಲು ಸಾಮಾನ್ಯವಾಗಿ ಅದರ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ಬರುವ ಚೀಲಗಳಲ್ಲಿ ಬಹಳಷ್ಟು ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ ಮಾತ್ರ ಸರಿಯಾಗಿ ಕರಗುತ್ತವೆ, ನಮ್ಮ ಬಾಲ್ಕನಿಯ ಕುಂಡದಲ್ಲಿ ಅಲ್ಲ. ಚಕ್ಕುಲಿಯನ್ನು ಬರೀ ಕಾಗದದ ಪೊಟ್ಟಣದಲ್ಲಿ ಕೊಟ್ಟರೆ ಹಸಿರಾಗಿ ಕಾಣುತ್ತದೆ, ನಾಲ್ಕೇ ದಿನಕ್ಕೆ ಮೆತ್ತಗಾಗಿ ಮುಗ್ಗುಲು ವಾಸನೆ ಬಂದು ಕಸಕ್ಕೆ ಹೋಗುತ್ತದೆ. ಒಂದು ಕೆ.ಜಿ. ತಿಂಡಿ ಎಸೆದರೆ ಅದರ ಹಿಂದಿನ ಅಕ್ಕಿ, ಎಣ್ಣೆ, ಗ್ಯಾಸ್ ಎಲ್ಲವನ್ನೂ ಎಸೆದಂತೆ. ಹತ್ತಿರದ ಗಿರಾಕಿಗೆ ವಾಪಸು ಕೊಡುವ ಸ್ಟೀಲ್ ಡಬ್ಬಿ, ದೂರದವರಿಗೆ ಒಂದೇ ಬಗೆಯ ಪ್ಲಾಸ್ಟಿಕ್ಕಿನ ಗಟ್ಟಿ ಕವರ್, ಇದು ನನ್ನ ಸಲಹೆ.

ಒಂದೇ ಬಗೆಯ ಪ್ಲಾಸ್ಟಿಕ್ ಯಾಕೆ ಎಂದರೆ, ಸರಪಳಿ ಗಿರಾಕಿಯ ಮನೆಯಲ್ಲಿ ಮುಗಿಯುವುದಿಲ್ಲ. ನಮ್ಮ ಪುಣೆಯಲ್ಲಿ ಮನೆಮನೆಯ ಕಸ ಎತ್ತುವವರಲ್ಲಿ ಬಹಳ ಜನ ಸ್ವಚ್ಛ್ ಸಹಕಾರ ಸಂಸ್ಥೆಯ ಸದಸ್ಯೆಯರು. ಚಿಂದಿ ಆಯುವವರೇ 1993ರಲ್ಲಿ ಕಟ್ಟಿಕೊಂಡ ಸಂಘಟನೆಯಿಂದ ಬೆಳೆದ ಸಂಸ್ಥೆ ಅದು. ಬೆಳ್ಳಿ ಬಣ್ಣದ ಬಹುಪದರದ ಪ್ಯಾಕೆಟ್ಟು ಅವರಿಗೆ ಭಾರ ಮಾತ್ರ, ಗುಜರಿಯಲ್ಲಿ ಬೆಲೆ ಇಲ್ಲ. ಒಂದೇ ಬಗೆಯ ಪ್ಲಾಸ್ಟಿಕ್ಕಿಗೆ ಬೆಲೆ ಇದೆ. ನಾವು ಕವರ್ ಆರಿಸುವಾಗ ಆ ತಾಯಿಯ ಆ ದಿನದ ಸಂಪಾದನೆಯನ್ನೂ ಆರಿಸುತ್ತಿರುತ್ತೇವೆ.

ಇನ್ನು ಲೇಬಲ್ಲಿನ ಮಾತು. "ನೂರಕ್ಕೆ ನೂರು ಪರಿಸರಸ್ನೇಹಿ" ಎಂದು ಸುಮ್ಮನೆ ಅಚ್ಚು ಹಾಕಿಸಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಸುಳ್ಳು ಹಸಿರು ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ಹೇಳಿದ್ದಕ್ಕೆ ಆಧಾರ ಇರಬೇಕು. "ನಮ್ಮ ಕರಿದ ಎಣ್ಣೆ ಜೈವಿಕ ಡೀಸೆಲ್ಲಿಗೆ ಹೋಗುತ್ತದೆ", "ಡಬ್ಬಿ ವಾಪಸು ಕೊಟ್ಟರೆ ಹತ್ತು ರೂಪಾಯಿ ಕಡಿತ" ಎಂದು ಮಾಡುವುದನ್ನೇ ಬರೆಯಿರಿ. ನಂಬಿಕೆ ಅದರಿಂದಲೇ ಬರುತ್ತದೆ.

ನಾವು ಸೇರಿ ಮಾಡಬಹುದಾದದ್ದು

1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಜನ ಮಹಿಳೆಯರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕುಳಿತರು. ಅದೇ ಲಿಜ್ಜತ್. ಅವರ ಜಾಣತನ ಹಪ್ಪಳದಲ್ಲಿ ಮಾತ್ರ ಇರಲಿಲ್ಲ. ಹಿಟ್ಟು ಕಲಸುವುದು ಒಂದು ಕಡೆ, ಲಟ್ಟಿಸುವುದು ಮನೆಮನೆಯಲ್ಲಿ, ಪರೀಕ್ಷೆ ಮತ್ತು ಮಾರಾಟ ಮತ್ತೆ ಒಂದು ಕಡೆ ಎಂದು ಸರಪಳಿಯನ್ನು ಹಂಚಿಕೊಂಡರು. ಒಬ್ಬೊಬ್ಬರಿಗೆ ಭಾರವಾದದ್ದು ಎಲ್ಲರಿಗೂ ಸೇರಿ ಹಗುರವಾಯಿತು. ಹಸಿರು ಲೆಕ್ಕವೂ ಹಾಗೆಯೇ. ಅದಕ್ಕಾಗಿ ವೇದಿಕೆಯ ಮುಂದೆ ಮೂರು ಸಲಹೆ ಇಡುತ್ತೇನೆ.

ಮೊದಲನೆಯದು, ಸಂಘದ ಊಟ. ರಾಜ್ಯೋತ್ಸವ, ಯುಗಾದಿ, ವಾರ್ಷಿಕೋತ್ಸವ ಎಂದು ವರ್ಷಕ್ಕೆ ಹಲವು ಊಟ ಮಾಡುತ್ತೇವೆ. ಅತಿ ಹಸಿರಾದ ತಟ್ಟೆ ಎಂದರೆ ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆ. ಮುನ್ನೂರು ತಟ್ಟೆ, ಮುನ್ನೂರು ಲೋಟ ಕೊಂಡು ಒಂದು ತಟ್ಟೆ ಬ್ಯಾಂಕ್ ಮಾಡೋಣ. ಸದಸ್ಯರ ಮನೆಯ ಸಮಾರಂಭಗಳಿಗೆ ಸಣ್ಣ ಬಾಡಿಗೆಗೆ ಕೊಡೋಣ, ತೊಳೆಯುವವರಿಗೆ ಸರಿಯಾದ ಕೂಲಿ ಆ ಬಾಡಿಗೆಯಿಂದಲೇ ಹೋಗಲಿ. ತಟ್ಟೆ ಮಾಡುವ ಅಕ್ಕನನ್ನು ಇಟ್ಟುಕೊಂಡು ಹೀಗೆ ಹೇಳುತ್ತೀಯಲ್ಲ ಎನ್ನಬೇಡಿ. ನೀರು ಸಿಗದ ಜಾಗ, ದಾರಿಯ ಪ್ರಸಾದ, ಪ್ರವಾಸ ಇವುಗಳಿಗೆ ಎಸೆಯುವ ತಟ್ಟೆ ಬೇಕೇ ಬೇಕು. ಅಂಥದ್ದಕ್ಕೆ ಬಾಳೆ ಎಲೆ, ಮುತ್ತುಗದ ಎಲೆ, ಪರೀಕ್ಷಾ ವರದಿ ಇರುವ ಹಾಳೆ ತಟ್ಟೆ ಕೊಳ್ಳೋಣ.

ಎರಡನೆಯದು, ಒಟ್ಟಿಗೆ ಖರೀದಿ. ಊರಿಂದ ತಟ್ಟೆ, ಬೆಲ್ಲ, ಸಾಂಬಾರ ಪದಾರ್ಥ ತರಿಸುವವರು ಒಬ್ಬೊಬ್ಬರೇ ತರಿಸಬೇಡಿ. ಹಾಳೆ ತಟ್ಟೆ ಹಗುರ, ಆದರೆ ಜಾಗ ತಿನ್ನುತ್ತದೆ. ಸಾಗರದ ಕಡೆಯಿಂದ ಇಲ್ಲಿಗೆ ಬರುವ ಒಂದು ಪಿಕಪ್ ಗಾಡಿ 50 ಲೀಟರ್ ಡೀಸೆಲ್ ಕುಡಿದರೆ 135 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹತ್ತು ಸಾವಿರ ತಟ್ಟೆ ಬಂದರೆ ತಟ್ಟೆಗೆ ಹದಿಮೂರೂವರೆ ಗ್ರಾಂ, ಎರಡು ಸಾವಿರ ಬಂದರೆ ಅದರ ಐದು ಪಟ್ಟು. ಬಾಡಿಗೆಯೂ ಹಾಗೆಯೇ ಏರುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲರ ಬೇಡಿಕೆ ಕೂಡಿಸಿ ಒಂದೇ ಗಾಡಿ, ಸಾಧ್ಯವಾದರೆ ಖಾಲಿ ವಾಪಸಾಗುವ ಗಾಡಿ ಹಿಡಿಯೋಣ. ಆರ್ಡರ್ ಕೊಟ್ಟಾಗಲೇ ಅರ್ಧ ಹಣ, ಸಾಮಾನು ತಲುಪಿದ ವಾರದೊಳಗೆ ಉಳಿದರ್ಧ. ಈ ನಿಯಮ ನಮ್ಮದಾಗಿರಲಿ. ಬೇರೆಯವರಿಂದ ಹೊತ್ತಿಗೆ ಹಣ ನಿರೀಕ್ಷಿಸುವ ನಾವು ಮೊದಲು ಹೊತ್ತಿಗೆ ಕೊಡುವವರಾಗಬೇಕು.

ಮೂರನೆಯದು, ಕಾಗದಪತ್ರದ ಸಹಾಯ. ಕೇಂದ್ರ ಸರ್ಕಾರದ ಝೆಡ್ ಪ್ರಮಾಣಪತ್ರ, ಅಂದರೆ ದೋಷವೂ ಶೂನ್ಯ, ಪರಿಸರಕ್ಕೆ ಹಾನಿಯೂ ಶೂನ್ಯ ಎಂಬ ಗುರಿಯ ಯೋಜನೆ, ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಹಂತದಲ್ಲಿದೆ. ಪ್ರಮಾಣಪತ್ರದ ಶುಲ್ಕದಲ್ಲಿ ಅತಿ ಸಣ್ಣ ಉದ್ಯಮಗಳಿಗೆ ಶೇ. 80 ಸಹಾಯಧನ, ಮಹಿಳೆಯರೇ ಒಡತಿಯರಾಗಿರುವ ಉದ್ಯಮಗಳಿಗೆ ಪೂರ್ತಿ ವಿನಾಯಿತಿ ಕೊಟ್ಟಿದ್ದಾರೆ. ತಯಾರಿಕಾ ಘಟಕ ಇರುವವರು ಕಂಚಿನ ಹಂತದಿಂದ ಶುರುಮಾಡಬಹುದು. ನಮ್ಮಲ್ಲಿ ಐ.ಟಿ.ಯವರು, ಬ್ಯಾಂಕಿನವರು, ಲೆಕ್ಕಪರಿಶೋಧಕರು ಇದ್ದೇವೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಕೂತು ಉದ್ಯಮ್ ನೋಂದಣಿ, ಬಿಲ್ಲಿನ ಮಾದರಿ, ಇಂಗಾಲದ ನೋಟ್‌ಬುಕ್ ಇಷ್ಟನ್ನು ಮಾಡಿಕೊಡೋಣ. ಮೊದಲ ಭಾನುವಾರಕ್ಕೆ ನನ್ನ ಹೆಸರು ಬರೆದುಕೊಳ್ಳಿ, ಲ್ಯಾಪ್‌ಟಾಪ್ ನಾನು ತರುತ್ತೇನೆ. ನೀವು ಆಧಾರ್, ಪ್ಯಾನ್ ಮತ್ತು ಹಿಂದಿನ ಮೂರು ತಿಂಗಳ ಕರೆಂಟ್ ಬಿಲ್, ಗ್ಯಾಸ್ ಬಿಲ್ ತನ್ನಿ.

ದೊಡ್ಡ ಕಂಪನಿಗಳಲ್ಲಿ ಖರೀದಿ ವಿಭಾಗದಲ್ಲಿ ಕೆಲಸ ಮಾಡುವ ತಂಗಿಯರಿಗೂ ಒಂದು ಮಾತು. ಸಣ್ಣವರಿಗೆ ನಲವತ್ತು ಪುಟದ ಪ್ರಶ್ನಾವಳಿ ಕಳಿಸುವ ಮುಂಚೆ, ಅದನ್ನು ಅವರ ಭಾಷೆಯಲ್ಲಿ ನಾಲ್ಕು ಪ್ರಶ್ನೆಗೆ ಇಳಿಸಲು ಸಾಧ್ಯವೇ ನೋಡಿ. ಲೆಕ್ಕ ಕೊಟ್ಟವರಿಗೆ ಬೆಲೆಯಲ್ಲೋ, ದೀರ್ಘಾವಧಿಯ ಒಪ್ಪಂದದಲ್ಲೋ, ಬೇಗ ಹಣ ಪಾವತಿಯಲ್ಲೋ ಏನಾದರೂ ಪ್ರತಿಫಲ ಇರಲಿ. ಬರೀ ಕೇಳುವುದಾದರೆ ಅದು ಹಸಿರು ಸರಪಳಿ ಅಲ್ಲ, ಭಾರವನ್ನು ಕೆಳಗಿನವರ ತಲೆಗೆ ದಾಟಿಸುವ ಸರಪಳಿ.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ಗೊತ್ತಿರುವುದನ್ನು ಈಗಲೇ ಹೇಳುತ್ತೇನೆ, ಉಳಿದದ್ದನ್ನು ಭಾನುವಾರ ಕೂತು ಒಟ್ಟಿಗೆ ಹುಡುಕೋಣ.